ಹಸಿ ಬದು

"ಬದುವಿನ ಮೇಲೆ ಕಾಲಿಡಬೇಡಿ ಮೇಡಂ, ಇನ್ನೂ ಹಸಿ ಇದೆ!" ಎಂದು ಹಾಲಮ್ಮ ಗದ್ದೆಯೊಳಗಿಂದಲೇ ಕೂಗಿದಳು. ಕೈ ಎರಡೂ ಮೊಣಕೈವರೆಗೆ ಕೆಸರು. ಶಿವಮೊಗ್ಗದಿಂದ ಹೊಳಲೂರಿನ ಹೊಳೆದಂಡೆಗೆ ವಾಕಿಂಗ್ ಬರುವವರ ಬೂಟು ತುಳಿದಲ್ಲೆಲ್ಲ ಬದು ಕುಸಿದು, ಕಟ್ಟಿದ ನೀರೆಲ್ಲ ಪಕ್ಕದವರ ಗದ್ದೆಗೆ ಹರಿಯುತ್ತಿತ್ತು. ಬೇಲಿ ಹಾಕಿದ್ದಕ್ಕೆ, ಇದು ಹಿಂದಿನಿಂದಲೂ ಇರೋ ಕಾಲುದಾರಿ, ಮುಚ್ಚೋ ಹಾಗಿಲ್ಲ ಅಂತ ಪಂಚಾಯಿತಿಯವರು ಕೀಳಿಸಿದ್ದರು. ಜಗಳ ಆಡಿ ಆಡಿ ಅವಳಿಗೇ ಸಾಕಾಗಿತ್ತು. ಬೆಳಗಾದರೆ ಮಣ್ಣು ಮೆತ್ತುವುದೇ ಕೆಲಸ.

ಗುಂಪಿನ ಮುಂದಿದ್ದ ರಿಟೈರ್ಡ್ ಟೀಚರ್ ಶಾಮಲಾ ನಿಂತೇಬಿಟ್ಟರು. ಇಷ್ಟು ದಿನ ಅವಳ ಕೂಗಿಗೆ ಯಾರೂ ನಿಂತಿರಲಿಲ್ಲ. "ಪಾಪ, ನೀವು ಹೇಳೋದು ಸರಿ ಕಣಮ್ಮ. ನಾವು ಈ ಹುಲ್ಲಲ್ಲೇ ಇಳಿದು ಹೋಗ್ತೀವಿ ಬಿಡಿ" ಎಂದವರು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ದೇವಸ್ಥಾನದ ಹೊಸ್ತಿಲು ದಾಟುವ ಹಾಗೆ ಮೆಲ್ಲಗೆ ಪಕ್ಕದ ಹಸಿರಿಗೆ ಇಳಿದರು. ಹಿಂದಿದ್ದವರೂ ಬಗ್ಗಿ ಬೂಟು ಬಿಚ್ಚತೊಡಗಿದರು.

ಅದು ಹುಲ್ಲಲ್ಲ, ಭತ್ತದ ಸಸಿ ಮಡಿ. ಇಡೀ ಗದ್ದೆಯ ನಾಟಿಗೆ ಇದ್ದದ್ದು ಆ ಸಸಿಯೊಂದೇ.

ಹಾಲಮ್ಮನ ಬಾಯಿಗೆ ಬೈಗುಳ ಬಂದದ್ದು ನಿಜ. ಆದರೆ ಉಪಕಾರ ಮಾಡಿದ ಸಮಾಧಾನ ಆ ಮುಖದಲ್ಲಿ ಕಂಡು, ಬದು ಹತ್ತಿ, ಕೆಸರುಗೈಯನ್ನೇ ಚಾಚಿದಳು. "ಬೇಡ ತಾಯಿ, ಮೇಲೆ ಬನ್ನಿ. ಬದುವಿನ ಮೇಲೇ ಬನ್ನಿ."

ಶಾಮಲಾ ಕಾಲೂರಿದ್ದೇ, ಆಗಷ್ಟೇ ಮೆತ್ತಿದ ಮಣ್ಣು ಹಾಲಮ್ಮನ ಬೆರಳ ಗುರುತುಗಳ ಸಮೇತ ಕುಸಿಯಿತು. ಅವಳು ಹಿಡಿದ ಕೈ ಬಿಡಲಿಲ್ಲ. ಹಿಂದಿನವರಿಗೆ ಇನ್ನೊಂದು ಕೈ ಚಾಚಿದಳು.