ಎಲ್ಲೂ ಸೋರದ ಬ್ರೇಕು

ಬ್ರೇಕ್ ಆಯಿಲಿನ ಡಬ್ಬಿ ಮತ್ತೆ ತಳ ಕಂಡಿರಬೇಕು. ಪೆಡಲ್ ತುಳಿದರೆ ಬೆಣ್ಣೆಯೊಳಗೆ ಕಾಲಿಟ್ಟಂತೆ ಇಳಿಯುತ್ತಿತ್ತು. ಮೇಸ್ತ್ರಿ ಜೀಪಿನಡಿ ಅಂಗಾತ ಮಲಗಿ ಚಕ್ರಗಳ ಹಿಂಬದಿಯಲ್ಲೆಲ್ಲ ಬೆರಳಾಡಿಸಿದ. ಒಣ ಧೂಳು. ಪೈಪಿನ ಕೀಲುಗಳನ್ನು ಬಟ್ಟೆಯಿಂದ ಒರೆಸಿ ನೋಡಿದ. ಬಟ್ಟೆಯೂ ಒಣ. ಒಂದು ಹನಿ ಸೋರಿಕೆಯಿಲ್ಲ, ಆಯಿಲು ಮಾತ್ರ ಮಾಯ.

ಮೇಲೆ, ಗಾಡಿ ತಂದಿದ್ದ ಯಜಮಾನ ತೇಗಿದ. ಹುಳಿ ತೇಗು. ಅದರ ವಾಸನೆ ಗ್ರೀಸು, ಪೆಟ್ರೋಲು ಎಲ್ಲವನ್ನೂ ಹಿಂದೆ ಹಾಕಿ ಗಾಡಿಯಡಿಗೆ ಇಳಿದು ಬಂತು.

"ಹೋದ ಸಲ ತುಂಬಿಸಿದ್ದು ಎಲ್ಲಿ ಹೋಯ್ತಯ್ಯಾ? ನೀನೇನು ಕುಡಿದು ಬಿಡ್ತೀಯಾ?"

ಮೇಸ್ತ್ರಿ ಉಸಿರು ಬಿಗಿಹಿಡಿದು ಹೊರಗೆ ಜಾರಿದ.

ಗಾಡಿ ಯಜಮಾನನ ಮಾವನದು. ಆತ ಒಂದು ಕಾಲದಲ್ಲಿ ಹಡಗಿನಲ್ಲಿ ತರಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡ, ಹಳ್ಳ, ಕೆಸರು ಎಲ್ಲ ಹಾಯಿಸಿದ್ದ. ಆತ ಸತ್ತ ಮೇಲೆ ಅಳಿಯ ಮನೆ ಮಾರಿದ, ಪುಸ್ತಕಗಳನ್ನು ತೂಕಕ್ಕೆ ಹಾಕಿದ. ಜೀಪನ್ನು ಮಾತ್ರ ಉಳಿಸಿಕೊಂಡ. ಅಷ್ಟೆತ್ತರದಲ್ಲಿ ಕೂತರೆ ದಾರಿಹೋಕರು ತಲೆಯೆತ್ತಿಯೇ ನೋಡಬೇಕಲ್ಲ. ಈಗ ಸೀಟಿನ ಸಂದಿಯಲ್ಲಿ ಕಚ್ಚಿ ಬಿಟ್ಟ ಹಲ್ಲುಕಡ್ಡಿಗಳು, ಬಾಗಿಲಿನ ಖಾನೆಯಲ್ಲಿ ಬೂಷ್ಟು ಹಿಡಿದ ಹಣ್ಣಿನ ಸಿಪ್ಪೆ. ಸ್ಟೀರಿಂಗು ಹಿಡಿಯುವ ಮುಂಚೆ ಮೇಸ್ತ್ರಿ ಅದನ್ನು ಒರೆಸುತ್ತಿದ್ದ. ಹಿಡಿದ ಮೇಲೆ ಕೈಯನ್ನು ಒರೆಸುತ್ತಿದ್ದ.

ಯಜಮಾನನ ಹೆಂಡತಿ ಜೀಪಿನೊಳಗೇ ಕೂತಿದ್ದಳು, ಮಡಿಲಲ್ಲಿ ಹೂಗಳ ಚಿತ್ರ ಬಿಡಿಸಿದ ಫ್ಲಾಸ್ಕು. ಯಜಮಾನ ಅವಳ ಬಗ್ಗೆ ಅವಳೆದುರೇ ಮಾತಾಡುತ್ತಿದ್ದ, ಸಾಮಾನಿನ ಬಗ್ಗೆ ಮಾತಾಡಿದ ಹಾಗೆ. ಒಬ್ಬಳನ್ನೇ ಹೊಸ್ತಿಲು ದಾಟಿಸಿದವನಲ್ಲ ತಾನು. ಮನೆಗೊಂದು ಸೂಜಿ ಬೇಕೆಂದರೂ ತಾನೇ ಅಂಗಡಿಗೆ ಹೋಗುವವನು. ಹೆಣ್ಣನ್ನು ಇಡುವುದು ಹಾಗೆ, ಎಂದು ಹಲ್ಲಿನ ಸಂದಿಯಿಂದ ಕಿತ್ತದ್ದನ್ನು ಬೆಳಕಿಗೆ ಹಿಡಿದು ನೋಡಿದ. ಮತ್ತೆ ಬಾಯಿಗೇ ಹಾಕಿಕೊಂಡ.

ಬಾನೆಟ್ ಎತ್ತಲು ಹೋದವನೂ ಅವನೇ. ಎಳೆದ, ಗುದ್ದಿದ, ಹಡಗಿನವರ ವಂಶವನ್ನೆಲ್ಲ ಬೈದ. ಹೆಂಡತಿ ಇಳಿದು ಬಂದು, ಮುಂದಿನ ಜಾಲರಿಯ ಸಂದಿಗೆ ಕೈ ತೂರಿಸಿ, ಎತ್ತಲೋ ನೋಡುತ್ತ ಚಿಲಕವನ್ನು ಪಕ್ಕಕ್ಕೆ ಜಗ್ಗಿದಳು. ಬಾನೆಟ್ ತೆರೆದುಕೊಂಡಿತು.

ಮೇಸ್ತ್ರಿ ಬಗ್ಗಿ ನೋಡಿದ. ಡಬ್ಬಿಯ ಕೆಳಗಿನ ತಗಡಿನಲ್ಲಿ ಬಣ್ಣ ಗುಳ್ಳೆಯೆದ್ದು, ಹನಿ ಹರಿದ ದಾರಿಯುದ್ದಕ್ಕೂ ಸಿಪ್ಪೆ ಸುಲಿದಿತ್ತು. ಗಾಯ ಹೊಸದು. ಆಯಿಲು ಕೆಳಗೆ ಸೋರುತ್ತಿರಲಿಲ್ಲ. ಯಾರೋ ಮುಚ್ಚಳ ತೆಗೆದು, ಮೇಲಿನಿಂದ ಹೀರಿ ತೆಗೆಯುತ್ತಿದ್ದರು.

ಪಕ್ಕದ ಅಂಗಡಿಯಿಂದ ಚಹಾ ಬಂತು. ಮೇಸ್ತ್ರಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದ.

"ಆಪರೇಷನ್ನಿಗೆ ಹೊರಟ್ರಾ ಡಾಕ್ಟ್ರು?" ಎಂದ ಯಜಮಾನ.

"ಬಣ್ಣಾನೇ ತಿನ್ನೋ ಸರಕು ಈ ಆಯಿಲು, ಸಾರ್. ಕೈ ತೊಳೀದೆ ನಾನು ಲೋಟ ಮುಟ್ಟಲ್ಲ."

ಚಹಾ ಅವನಿಗೆ ರುಚಿಸಲಿಲ್ಲ. ಅವರ ಮನೆಯಿಂದ ಪೇಟೆಗೆ ಕಡಿದಾದ ಇಳಿಜಾರು. ತಿರುವಿನಾಚೆ ಕಲ್ಲುಕ್ವಾರಿಯ ಹೊಂಡ. ಆ ಚಿಲಕದ ಗುಟ್ಟು ಗೊತ್ತಿದ್ದವಳು ಮನೆಯಲ್ಲಿ ಒಬ್ಬಳೇ. ತಾನೂ ಅದೇ ಗಾಡಿಯಲ್ಲಿ ಕೂರುವವಳು! ಇಬ್ಬರೂ ಹೋಗಲಿ ಅನ್ನುವಷ್ಟಕ್ಕೆ ಬಂದಿತ್ತೇ ಸಂಸಾರ? ಯಜಮಾನನನ್ನು ಕಂಡು ಬಂದ ಹೇಸಿಗೆಯೇ ಇನ್ನೂ ಹೋಗಿರಲಿಲ್ಲ. ಈಗ ಅವಳದ್ದೂ ಸೇರಿತು.

ಟೈರಿನ ರಾಶಿಯ ಹಿಂದೆ ಯಜಮಾನನನ್ನು ಕರೆದು, ಕಂಡದ್ದನ್ನು ಹೇಳಿದ. ಯಜಮಾನ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ.

"ಇವಳಾ? ಹೊಟ್ಟೆ ಕೆಟ್ಟು ನಾನು ಒದ್ದಾಡ್ತಿದ್ರೆ ಹೊತ್ತೊತ್ತಿಗೆ ಕಷಾಯ ಕಾಸಿ ಬಾಯಿಗೆ ಹಿಡಿಯೋಳು ಕಣಯ್ಯಾ ಇವಳು. ಬ್ರೇಕ್ ಎಲ್ಲಿದೆ ಅಂತ ಕೇಳು, ಹೇಳಲಿ ನೋಡೋಣ."

ಆದರೂ ಬೀಗ ಹಾಕಿಸಿದ. ಮೇಸ್ತ್ರಿ ಹಳೆಯ ಆಯಿಲನ್ನೆಲ್ಲ ಬಾಟಲಿಗೆ ಇಳಿಸಿ, ಹೊಸದು ತುಂಬಿ, ಪೈಪಿನ ಗಾಳಿ ತೆಗೆದ. ಬಾನೆಟ್‌ಗೆ ಕೊಂಡಿ ಬೆಸೆದು ಬೀಗ ಜಡಿದು, ಕೀಲಿಯನ್ನು ಯಜಮಾನನ ಕೈಗೇ ಕೊಟ್ಟ. ಹಿಂದಿನ ಓಣಿಯ ಇಳಿಜಾರಿನಲ್ಲಿ ಓಡಿಸಿ ನೋಡಿದ. ತುಳಿದ ಕಡೆ ನಿಂತಿತು.

ಆಗ ಹೆಂಡತಿ ಮೊದಲ ಬಾರಿಗೆ ಬಾಯಿಬಿಟ್ಟಳು.

"ಆ ಹಳೇದನ್ನ ಏನ್ಮಾಡ್ತೀರಣ್ಣ?"

"ಚೆಲ್ಲೋ ಹಾಗಿಲ್ಲಮ್ಮ. ಒಂದು ಕಡೆ ಕೂಡಿಡ್ತೀವಿ."

"ನನಗೆ ಕೊಡಿ. ಮನೇಲಿ ಇರುವೆ ಕಾಟ."

ಮೇಸ್ತ್ರಿಗೆ ನಾಚಿಕೆಯಾಯಿತು. ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ಕೇಳುವವಳ ಮೇಲೆ ಏನೆಲ್ಲ ಹೊರಿಸಿಬಿಟ್ಟೆ! ಹೊರಿಸಿದ್ದು ನಿಜವೇ ಆಗಿದ್ದರೂ ಬೀಗ ಬಿದ್ದಾಗಿತ್ತು. ಇನ್ನು ಬ್ರೇಕು ಯಾರನ್ನೂ ಕೊಲ್ಲುವುದಿಲ್ಲ. ಬಾಟಲಿಯ ಬಿರಡೆ ಬಿಗಿದು ಕೊಟ್ಟ. ಅವಳು ಅದನ್ನು ಚೀಲದೊಳಗೆ ನಿಲ್ಲಿಸಿಟ್ಟಳು.

"ಬಿಟ್ಟಿ ಸಿಕ್ಕಿದ್ರೆ ಬಿಡೋಳಲ್ಲ," ಎಂದ ಯಜಮಾನ, ಹೆಮ್ಮೆಯಿಂದಲೇ. ಬೆವರುತ್ತ, ಬಾಗಿಲು ಹಿಡಿದುಕೊಂಡು ಹೇಗೋ ಹತ್ತಿ ಕೂತ. "ಬಾಯಿ ಒಣಗ್ತಿದೆ. ಕೊಡೇ."

ಅವಳು ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ ಕೊಟ್ಟಳು. ಅವನು ಮುಖ ಕಿವುಚಿಕೊಂಡು ಒಂದೇ ಗುಟುಕಿಗೆ ಮುಗಿಸಿದ.

"ಥೂ, ಏನು ಕೆಟ್ಟ ರುಚಿ. ಇನ್ನೊಂದು ಲೋಟ ಹಾಕು, ಬೇಗ ವಾಸಿಯಾಗ್ಲಿ."

ಒಂದು ಜೀವ ಉಳಿಸಿದ ಸಮಾಧಾನದಲ್ಲಿ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, ಅವಳು ಮತ್ತೆ ಬಗ್ಗಿಸುತ್ತಿದ್ದ ಫ್ಲಾಸ್ಕನ್ನು ಹತ್ತಿರದಿಂದ ನೋಡಿದ.

ಅದರ ಬಾಯಿಯಿಂದ ಕೆಳಗೆ, ಹನಿ ಹರಿದ ದಾರಿಯುದ್ದಕ್ಕೂ, ಹೂಗಳ ಬಣ್ಣ ಗುಳ್ಳೆಯೆದ್ದು ಸಿಪ್ಪೆ ಸುಲಿದಿತ್ತು.