ನೀರಿನ ಜನಕ್ಕೆ ತಾತನ ಪಂಚೆ

ಮಗಳ ಫೋನಿನ ಆಟದಲ್ಲಿ ಚೂಪು ಕಿವಿಯ ಜಲವಾಸಿಗಳು ಒಂದು ಚಿಂದಿಯೂ ಇಲ್ಲದ ನೀಲಿ ನೀರಿನಲ್ಲಿ ಬಿಂಕದಿಂದ ಈಜುವುದನ್ನು ಕಂಡಾಗಲೆಲ್ಲ, ಕೊಳೆತ ಬಟ್ಟೆಯ ವಾಸನೆ ನನ್ನ ಮೂಗಿಗೆ ಬಡಿಯುತ್ತದೆ.

ನನ್ನ ಚಿಕ್ಕಂದಿನಲ್ಲಿ ತಾತನ ಬೂದಿ ಬಿಡಲು ನಾವು ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ನನ್ನ ಕೈಯಲ್ಲಿ ಅಂಥದೇ ಜನರ ಚಿತ್ರಪುಸ್ತಕವಿತ್ತು. ಹೊಳೆಯ ತಳದಲ್ಲಿ ಅವರ ಅರಮನೆ. ದಡದ ಮನುಷ್ಯರೆಂದರೆ ಅವರಿಗೆ ಅಸಹ್ಯ. ಅಜ್ಜಿಗೆ ತೋರಿಸಿದೆ.

"ಥೂ, ಇವುಗಳ ಮೊಕಕ್ಕೆ ಬೆಂಕಿ ಆಕ! ಆ ಕಿವೀಗೆ ನೀರು ನುಗ್ಗಾಕಿಲ್ವಾ?" ಎಂದಳು. "ಇಲ್ಲಿದ್ದಿದ್ರೆ ಈ ಗಲೀಜಿಗೆ ಯಾವತ್ತೋ ಊರು ಬುಟ್ಟೋಗಿರೋವು."

ಗಲೀಜು ನಿಜ. ಕರ್ಮ ಮುಗಿಸಿದವರು ಸತ್ತವರ ಬಟ್ಟೆಯನ್ನು ಹೊಳೆಗೆಸೆದು ತಿರುಗಿ ನೋಡದೆ ಹೋಗುತ್ತಿದ್ದರು. ಮೆಟ್ಟಿಲುಗಳಿಗೆ ಸೀರೆ, ಶರಟುಗಳು ಲೋಳೆಯಾಗಿ ಅಂಟಿದ್ದವು. ಅಜ್ಜಿ ಅವನ್ನು ಕಾಲಿನಿಂದ ಒದ್ದು ದಾರಿ ಮಾಡಿಕೊಂಡಳು.

"ಕಾವೇರವ್ವ ಏನು ಇವ್ರಪ್ಪನ ಮನೆ ತಿಪ್ಪೆಯಾ? ನಾಚ್ಕೆಗೆಟ್ಟವ್ರು!"

ಬೂದಿ ಬಿಟ್ಟು ಅಪ್ಪ ಮುಳುಗಿ ಎದ್ದ. ಅಜ್ಜಿ ಚೀಲದಿಂದ ತಾತನ ಕೆಂಪಂಚಿನ ಪಂಚೆ ತೆಗೆದಳು. ಅದರಲ್ಲಿನ್ನೂ ಬೀಡಿಯ ವಾಸನೆ ಇತ್ತು. ಒಂದು ಸಲ ಮೂಗಿಗೆ ಒತ್ತಿಕೊಂಡು ನೀರಿಗೆ ಬಿಟ್ಟಳು.

"ಅಜ್ಜಿ, ನೀರಿನ ಜನ ಉಟ್ಕತಾರಾ?" ಎಂದೆ.

ಬೈಗುಳಕ್ಕೆ ಕಾದೆ. ಪಂಚೆ ತೇಲುತ್ತಾ ಹೋಗಿ ಯಾರದೋ ಸೀರೆಗೆ ಸುತ್ತಿಕೊಂಡಿತು. ತಿರುಗಿ ನೋಡಬೇಡವೆಂದು ಅಪ್ಪ ಮೇಲಿನ ಮೆಟ್ಟಿಲಿನಿಂದ ಕೂಗುತ್ತಿದ್ದ. ಅಜ್ಜಿ ನೋಡುತ್ತಲೇ ನಿಂತಿದ್ದಳು.

"ಕಡ್ಡಿ ಇದ್ದಂಗವೆ ನಿನ್ ನೀರಿನ ಜನ, ಮುಂಡೇವು," ಎಂದಳು. "ನಿಮ್ ತಾತನ ಪಂಚೆ ಎರಡು ಸುತ್ತು ಬತ್ತದೆ."