ಕವರ್ ಓದದ ಕಿವಿ

ಪೊಟ್ಟಣ ಒಡೆಯುವ ಮೊದಲೇ ಡೂಗಲ್ ರೆನ್ನಿ ವಿಮರ್ಶೆಯ ಕೊನೆಯ ಸಾಲು ಬರೆದಿಟ್ಟಿದ್ದ: "ಇವಳು ಹಾಡುಗಾರ್ತಿಯೇ ಅಲ್ಲ. ಈ ಮಾತು ಸುಳ್ಳಾದರೆ ಈ ಅಂಕಣ ಇಂದಿಗೆ ಕೊನೆ."

ಪೊಟ್ಟಣದಲ್ಲಿದ್ದುದು ಮೊರಾಗ್‌ಳ ಮೊದಲ ಆಲ್ಬಂ. ಮೊರಾಗ್ ಅವನನ್ನು ಬಿಟ್ಟುಹೋದ ಹೆಂಡತಿ.

ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಹಾಡಲು ಬಾಯಿ ತೆರೆದಾಗಲೆಲ್ಲ ಅವನದು ಒಂದೇ ಮಾತು. "ಪಾತ್ರೆ ತೊಳೆಯೋವಾಗ ಹಾಡ್ಕೋ, ಸಾಕು." ಕೊನೆಗೊಂದು ದಿನ ಅವಳು ಸಿಗರೇಟಿನ ಬೂದಿತಟ್ಟೆ ಎತ್ತಿ ಎಸೆದಳು. ಅವನು ತಲೆ ತಗ್ಗಿಸಿದ. ಅದು ಹೋಗಿ ರೆಕಾರ್ಡ್ ಪ್ಲೇಯರಿಗೆ ಬಡಿದು ವೇಗ ಬದಲಿಸುವ ಗುಂಡಿಯೇ ಮುರಿಯಿತು. ಅಂದೇ ಅವಳು ಹೊರಟುಹೋದಳು. ಒಂಬತ್ತು ವರ್ಷವಾದರೂ ಅವನು ಅದನ್ನು ರಿಪೇರಿ ಮಾಡಿಸಲಿಲ್ಲ. ಪ್ಲೇಯರು ನಿಮಿಷಕ್ಕೆ ಮೂವತ್ತಮೂರು ಸುತ್ತಿನ ವೇಗದಲ್ಲಿ ನಿಂತಿತ್ತು. ನಲವತ್ತೈದರ ವೇಗ ಬೇಕಾಗುವುದು ಚಿಕ್ಕ ರೆಕಾರ್ಡುಗಳಿಗೆ, ದೊಡ್ಡವಕ್ಕೆ ಇಷ್ಟು ಸಾಕು. ಮೇಲಾಗಿ ಆ ಮುರುಕು ಕಣ್ಣಿಗೆ ಬಿದ್ದಾಗಲೆಲ್ಲ ಸಿಟ್ಟು ಆರದೆ ಉಳಿಯುತ್ತಿತ್ತು. ಅದು ಆರುವುದು ಅವನಿಗೆ ಬೇಕಿರಲಿಲ್ಲ.

ಗ್ಲಾಸ್ಗೋದ ಬ್ಯಾಂಡುಗಳಿಗೆ ಅವನ ಗುರುವಾರದ ಅಂಕಣವೆಂದರೆ ಪರೀಕ್ಷೆಯ ಫಲಿತಾಂಶ. ಅವನ ಶಿಸ್ತು ಊರಿಗೇ ಗೊತ್ತು. ಕವರನ್ನು ಓದದೆ ಕಸದ ಚೀಲಕ್ಕೆ ಎಸೆದ ಮೇಲೆಯೇ ರೆಕಾರ್ಡ್ ಹಾಕುವುದು. "ಕವರ್ ಸುಳ್ಳು ಹೇಳುತ್ತದೆ" ಎಂದು ಅಂಕಣದ ನೆತ್ತಿಯ ಮೇಲೇ ಅಚ್ಚಾಗುತ್ತಿತ್ತು. ಇಂದೂ ಹಾಗೆಯೇ ಎಸೆದ. ಬಿಡುಗಡೆಗೆ ಮುಂಚಿನ ಪ್ರತಿಯಾದ್ದರಿಂದ ರೆಕಾರ್ಡಿನ ನಡುವೆ ಏನೂ ಅಚ್ಚಾಗದ ಬರೀ ಬಿಳಿ ಕಾಗದ. ಎಂಟೇ ಹಾಡಿಗೆ ಎರಡು ರೆಕಾರ್ಡು. ಏನು ಜಂಬ ಇವಳದು, ಎಂದುಕೊಂಡ.

ಮುಳ್ಳು ಇಟ್ಟ. ಗಿಟಾರು ಕೆಸರಲ್ಲಿ ಕಾಲೆಳೆದಂತೆ ಬಂತು. ದನಿ ಅದಕ್ಕಿಂತ ಭಾರ. ಡೂಗಲ್ ಕೈ ಉಜ್ಜಿಕೊಂಡ. ಸುಳ್ಳು ಬರೆಯುವ ಪಾಪವೂ ತನಗೆ ತಟ್ಟುವುದಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ಖುಷಿಯಾಯಿತು.

"ಕನಸಿನ ಸಂಗೀತವಂತೆ. ಇದು ಜ್ವರ ಬಂದ ಹಸುವಿನ ನರಳಾಟ. ಯಾವನೋ ದಡೂತಿ ಗಂಡಸಿನ ಕೈಲಿ ಹಾಡಿಸಿ ತನ್ನ ಹೆಸರು ಹಾಕಿಕೊಂಡಿದ್ದಾಳೆ" ಎಂದು ಬರೆದು ಕಳಿಸಿದ.

ಸಂಪಾದಕಿ ಇಶ್‌ಬೆಲ್ ಫೋನು ಮಾಡಿದಳು. "ಡೂಗಲ್, ಸರಿಯಾಗಿ ಕೇಳಿದೀಯೇನೋ?"

"ಮೂರು ಸಲ."

"ಬೇರೆ ಪತ್ರಿಕೆಯೋರು ಬೆಳಗಿನ ಹಕ್ಕಿ ಥರ ಇದೆ ಅಂತಿದಾರೆ. ಗಂಡಸಿನ ದನಿ ಅಂತ ನೀನೊಬ್ಬನೇ ಕಣೋ."

"ಅವರೆಲ್ಲ ಕವರ್ ಓದಿ ಬರೆಯೋರು."

"ಹೊಟ್ಟೆಕಿಚ್ಚಲ್ಲ ತಾನೇ?"

"ಉಪ್ಪು ತಿಂದೋರು ನೀರು ಕುಡೀಲೇಬೇಕು, ಇಶ್‌ಬೆಲ್. ಒಂದಕ್ಷರ ಕತ್ತರಿಸಬೇಡ."

ಅವಳು ಕತ್ತರಿಸಲಿಲ್ಲ. ಗುರುವಾರ ಡೂಗಲ್ ಮೂಲೆಯ ಕೆಫೆಯಲ್ಲಿ ಸಾಸೇಜ್ ರೋಲ್ ತಿನ್ನುತ್ತ ತನ್ನ ಬರಹವನ್ನು ಎರಡು ಬಾರಿ ಓದಿದ. ಒಂಬತ್ತು ವರ್ಷಗಳಲ್ಲಿ ತಿಂದದ್ದು ರುಚಿಸಿದ್ದು ಅಂದೇ.

ಶನಿವಾರ ಹ್ಯೂಯಿಯ ರೆಕಾರ್ಡ್ ಅಂಗಡಿಯ ಗಾಜಿನ ಮೇಲೆ ಅದೇ ವಿಮರ್ಶೆ ಆಳೆತ್ತರಕ್ಕೆ ಅಂಟಿತ್ತು. ಮುಂದೆ ಜನವೋ ಜನ, ಓದಿ ಓದಿ ಹೊಟ್ಟೆ ಹಿಡಿದು ನಗುತ್ತಿದ್ದರು. ನಗಲಿ, ಅವಳಿಗೆ ಆಗಬೇಕಾದ್ದೇ ಎಂದು ಡೂಗಲ್ ಎದೆಯುಬ್ಬಿಸಿ ಒಳಗೆ ಹೋದ. ಸ್ಪೀಕರಿನಲ್ಲಿ ಹೆಣ್ಣುದನಿಯೊಂದು ಮೋಡದ ಮೇಲಿಂದ ಬಂದಂತೆ ತೇಲುತ್ತಿತ್ತು. ಹಗುರ, ತಿಳಿ. ಅವನಿಗೆ ತಿಳಿಯದೆಯೇ ಬೆರಳುಗಳು ತಾಳ ಹಾಕಿದವು.

"ಇದು ಯಾರಪ್ಪ ಹ್ಯೂಯಿ? ಈ ವರ್ಷ ಇಂಥ ದನಿ ಕೇಳಿಲ್ಲ ನಾನು."

ಹ್ಯೂಯಿ ಗಲ್ಲಾದ ಹಿಂದಿನಿಂದ ಎದ್ದುಬಂದ.

"ಬಾಯಲ್ಲಿ ಹೇಳೋದ್ಯಾಕೆ, ರೆನ್ನಿಯವರೇ," ಎಂದು ಹ್ಯೂಯಿ ಕವರನ್ನೇ ಅವನ ಕೈಗಿತ್ತ. "ಇದೊಂದು ಸಲ ಓದಿ."

ಡೂಗಲ್ ಓದಿದ. ಹಿಂಬದಿಯಲ್ಲಿ, ಕುರುಡನಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: "ಇದು ದೊಡ್ಡ ರೆಕಾರ್ಡಾದರೂ ಮೂವತ್ತಮೂರರಲ್ಲಿ ಹಾಕಬೇಡಿ, ನಿಧಾನಕ್ಕೆ ತಿರುಗಿದರೆ ನನ್ನ ದನಿ ಗಂಡಸಿನದಾದೀತು; ನಲವತ್ತೈದರಲ್ಲಿ ಹಾಕಿ. ಎಲ್ಲರೂ ಇದನ್ನು ಓದಿರುತ್ತೀರಿ, ನಾನು ಗುಂಡಿ ಮುರಿದು ಬಂದ ಮನೆಯವನೊಬ್ಬನನ್ನು ಬಿಟ್ಟು. ಇಂತಿ, ಮೊರಾಗ್."